ಎಡಗಡೆಯ ಹೂಂ

ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳಿಸದ ಹಾಗೆ ನಿಂತನೋ?

ಅವಳಿಗೆ ಗೊತ್ತಾಗಲಿಲ್ಲ. ಇಡೀ ವಾರ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದ ಒಂದೇ ಒಂದು ಮಾತು... "ನನ್ನ ಹಾಡು ಕೆಡಿಸೋಕೆ ನಿಮಗೆ ಯಾರು ಅಧಿಕಾರ ಕೊಟ್ರು?" ಅದನ್ನು ಅವನ ಭುಜದ ಪಕ್ಕದಲ್ಲೇ ನಿಂತು ಹೇಳಿದ್ದಳು. ಅವನು ತಿರುಗಲೂ ಇಲ್ಲ! ಕೈಯಲ್ಲಿದ್ದ ವೈರನ್ನು ನಿಧಾನವಾಗಿ ಸುತ್ತುತ್ತಲೇ ಇದ್ದ.

ಇಷ್ಟೊಂದು ಸೊಕ್ಕಾ...?

ರೇಡಿಯೊ ರಿಪೇರಿ ಅಂಗಡಿಯ ಮೇಲಿನ ಕೋಣೆ ಅದು. ಇಷ್ಟು ದಿನ ಪರದೆಯ ಮೇಲೆ ಬರೀ ಅಡ್ಡಹೆಸರುಗಳಾಗಿದ್ದ ಸಂಗೀತದ ಗುಂಪಿನವರು ಮೊದಲ ಸಲ ಮುಖ ನೋಡಲು ಸೇರಿದ್ದರು. ಅಂಗಡಿಯ ಯಜಮಾನನೇ ಗುಂಪಿನ ಹಿರಿಯ, ಎಲ್ಲರಿಗೂ ದೊಡ್ಡಣ್ಣ. ಬಾಗಿಲಲ್ಲೇ ಅವಳಿಗೆ ತೋರಿಸಿದ್ದ.

"ಅಗೋ, ಕಿಟಕಿ ಹತ್ರ ನಿಂತಿದಾನಲ್ಲ, ಅವನೇ ನಮ್ಮ 'ಇರುವೆ'. ಜಗಳ ಆಡು, ಬೇಡ ಅನ್ನಲ್ಲ. ನನ್ನ ಸ್ಪೀಕರ್ ಎತ್ತಿ ಎಸೀಬೇಡಮ್ಮ ಅಷ್ಟೇ."

ಅವಳು ಗೋಡೆಗೆ ಒರಗಿಸಿದ್ದ ಕುರ್ಚಿಯಲ್ಲಿ ಕುಳಿತಳು. ಎದ್ದು ಹೋಗಿಬಿಡಲೇ? ಬಂದ ದಾರಿಗೆ ಸುಂಕವಿಲ್ಲದ ಹಾಗೆ ಮನೆಗೆ ಹೋದರೆ ಅಕ್ಕ ಬಿಡುತ್ತಾಳೆಯೇ?

ಅಕ್ಕನ ಮನೆಯಲ್ಲಿ ಅವಳದ್ದು ಒಂದೇ ಮಾತು. ಹೂಂ.

"ಏನು ಕೇಳಿದ್ರೂ ಹೂಂ! ನಾಳೆ ನಿನ್ನನ್ನ ಮಾರಿಬಿಡ್ತೀನಿ ಅಂದ್ರೂ ಹೂಂ ಅಂತೀಯೇನೇ?" ಎಂದು ಅಕ್ಕ ರೇಗುತ್ತಿದ್ದಳು.

"ಕೊಳ್ಳೋರು ಸಿಗಬೇಕಲ್ಲ," ಎನ್ನುತ್ತಿದ್ದರು ಭಾವ.

"ಹೂಂ," ಎನ್ನುತ್ತಿದ್ದಳು ಅವಳು.

ಕೆಲಸ ಹಲ್ಲಿನ ಸೆಟ್ ತಯಾರಿಸುವ ಪುಟ್ಟ ಲ್ಯಾಬಿನಲ್ಲಿ. ಯಾರದೋ ಬಾಯಿಯ ಅಚ್ಚು ಬರುತ್ತದೆ, ಮೇಣದಲ್ಲಿ ಹಲ್ಲು ಕೂರಿಸಿ ಕಳಿಸಬೇಕು. ಇಡೀ ದಿನ ಬೇರೆಯವರ ಬಾಯಿ ಸರಿಮಾಡುವವಳು ತನ್ನ ಬಾಯಿ ತೆರೆದಿದ್ದು ಕಡಿಮೆ. ಊಟದ ಬಿಡುವಿನಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ಕೂತು ಹಾಡು ಕಟ್ಟುವ ಟ್ರ್ಯಾಕರ್ ತಂತ್ರಾಂಶ ತೆರೆಯುವಳು. ವಾದ್ಯ ಬೇಡ, ಸ್ಟುಡಿಯೋ ಬೇಡ. ಯಾವುದಾದರೂ ಸದ್ದಿನ ತುಣುಕನ್ನು ಅದರೊಳಗೆ ಹಾಕಿ, ಬೇರೆ ಬೇರೆ ಸ್ವರಕ್ಕೆ ಏರಿಸಿ ಇಳಿಸಿ, ಸಾಲುಸಾಲಾಗಿ ಬರೆಯುತ್ತ ಹೋದರೆ ಹಾಡಾಗುತ್ತದೆ. ಪರದೆಯ ಮೇಲೆ ನಾಲ್ಕು ಕಾಲಮ್ಮುಗಳು. ಸ್ವರಗಳು ಮೇಲಿನಿಂದ ಕೆಳಕ್ಕೆ ಹರಿಯುತ್ತವೆ. ಹೆಡ್‌ಫೋನಿನಲ್ಲಿ ಕೇಳಿದರೆ, ಹಳೆಯ ಪದ್ಧತಿಯಂತೆ ಮೊದಲನೆಯದೂ ಕೊನೆಯದೂ ಎಡಗಿವಿಗೆ ಮಾತ್ರ. ನಡುವಿನ ಎರಡು ಬಲಗಿವಿಗೆ ಮಾತ್ರ.

ಗುಂಪಿಗೆ ಸೇರಲು ಅವಳು ಮಾಡಿದ ಹಾಡಿನಲ್ಲಿ ಲ್ಯಾಬೇ ತುಂಬಿತ್ತು. ಡ್ರಿಲ್ಲಿನ ಸಣ್ಣ ಗುಂಯ್, ಅಚ್ಚಿನ ಮೇಲೆ ಚಾಕು ತಟ್ಟುವ ಟಕ್ ಟಕ್. ನಡುವೆ ಎಲ್ಲವೂ ನಿಂತು, ಮೊದಲ ಕಾಲಮ್ಮಿನಲ್ಲಿ ಒಂದೇ ಒಂದು ರಾಗ. ಅದಕ್ಕೆ ಬಳಸಿದ ಸದ್ದು... ಅವಳದ್ದೇ "ಹೂಂ".

ಜನ್ಮದಲ್ಲಿ ಮೊದಲ ಸಲ ತನ್ನ ದನಿಯನ್ನು ಹೊರಗೆ ಬಿಟ್ಟಿದ್ದಳು. ಯಾರಾದರೂ ಕೇಳಿಸಿಕೊಳ್ಳಲಿ ಎಂದು!

ಆ ಗುಂಪಿನದ್ದೊಂದು ನಿಯಮವಿತ್ತು. ಹೊಸಬರ ಹಾಡನ್ನು ಮೊದಲು ಕಿವಿಯಿಂದ ಮಾತ್ರ ಕೇಳಬೇಕು. ಎಲ್ಲರೂ ಅಭಿಪ್ರಾಯ ಹೇಳಿದ ಮೇಲೆಯೇ ಫೈಲು ತೆರೆದು ಒಳಗಿನ ಸಾಲುಗಳನ್ನು ನೋಡಬೇಕು. ಅಂದು ಮೊದಲು ಬರೆದವನು ಇರುವೆ.

"ಚೆನ್ನಾಗಿದೆ. ಆದ್ರೆ ನಡುವೆ ಅಷ್ಟು ಹೊತ್ತು ಯಾಕೆ ಏನೂ ಇಲ್ಲ? ಅಲ್ಲೊಂದು ರಾಗ ಬೇಕಿತ್ತು."

ಏನೂ ಇಲ್ಲ...!

"ಕಿವೀಲಿ ಹತ್ತಿ ಇಟ್ಕೊಂಡು ಕೇಳಿದ್ಯೇನೋ?" ಎಂದು ದೊಡ್ಡಣ್ಣ ಬರೆದ. ಉಳಿದವರು ನಕ್ಕರು, ಹಾಡನ್ನು ಹೊಗಳಿದರು. ಅದ್ಯಾವುದೂ ಅವಳ ತಲೆಗೆ ಹೋಗಲಿಲ್ಲ. ಅವನು ಉತ್ತರ ಕೊಡುತ್ತಾನೆ, ಒಂದು ಕ್ಷಮೆಯಾದರೂ ಕೇಳುತ್ತಾನೆ ಎಂದು ಕಾದಳು. ಮೇಣ ಕಾಯಿಸಲು ಇಟ್ಟು ಫೋನ್ ನೋಡುವಳು. ಹಲ್ಲು ಕೂರಿಸಿ ಮತ್ತೆ ನೋಡುವಳು. ಯಾರದೋ ದವಡೆಗೆ ಹಲ್ಲನ್ನು ತಿರುವುಮುರುವಾಗಿ ಕೂರಿಸಿ ಬೈಸಿಕೊಂಡಳು.

ಅವನು ಸುಮ್ಮನಿದ್ದ. ಕಡೆಗೊಂದು ದಿನ, ಮಾತಿಲ್ಲದೆ, ಅವಳ ಹಾಡನ್ನೇ ಬದಲಾಯಿಸಿ ಗುಂಪಿಗೆ ಹಾಕಿದ. ಅವಳ "ಹೂಂ" ಬಲಗಡೆಗೆ ಸರಿದಿತ್ತು. ಅದರ ಜಾಗದಲ್ಲಿ, ಎಡಗಡೆಯಿಂದ, ಅವನದ್ದೊಂದು ರಾಗ. ಎಷ್ಟು ಜೋರು! ಮನೆಯ ಯಜಮಾನಿಯನ್ನು ಮೂಲೆಗೆ ತಳ್ಳಿ ಅತಿಥಿ ಅರಚಿದ ಹಾಗೆ.

ಗುಂಪು ಬಿಡುತ್ತೇನೆ ಎಂದು ಬರೆದಾಗ ದೊಡ್ಡಣ್ಣ ಫೋನ್ ಮಾಡಿದ್ದ. "ಬಿಡೋದಾದ್ರೆ ಬಿಡು. ಜಗಳ ಆಡೋಕಾದ್ರೂ ಒಂದ್ಸಲ ಬಂದುಹೋಗು."

ಬಂದಿದ್ದಾಯಿತು. ಆಡಿದ್ದೂ ಆಯಿತು, ಗೋಡೆಯ ಜೊತೆ!

"ಇರುವೆ, ಆ ಪ್ಲಗ್ ಕೊಡೋ," ಎಂದು ಯಾರೋ ಅವನ ಎಡಗಡೆಯಿಂದ ಕೂಗಿದರು. ಅವನು ಅಲುಗಲಿಲ್ಲ. ಅವರೇ ಸುತ್ತಿ ಬಂದು ಬಲಗಡೆಯಿಂದ ಕೇಳಿದರು. ತಕ್ಷಣ ತಿರುಗಿ ಕೊಟ್ಟ.

ಅವಳು ನೆಟ್ಟಗೆ ಕುಳಿತಳು.

ಒಂದೇ ಕಡೆ ಅಗಿಯುವವರ ಅಚ್ಚು ಕೈಗೆ ಬಂದ ಕೂಡಲೇ ಅವಳಿಗೆ ತಿಳಿಯುತ್ತಿತ್ತು. ಒಂದು ಮಗ್ಗುಲು ಸವೆದು, ಇನ್ನೊಂದು ಹಾಗೇ ಇರುತ್ತದೆ. ಇವನೂ ಹಾಗೆಯೇ... ಯಾರು ಮಾತಾಡಿಸಿದರೂ ಮುಖವನ್ನು ಒಂದೇ ಕಡೆಗೆ ಒಡ್ಡುತ್ತಿದ್ದ.

ಅಂದರೆ... ನನ್ನ ರಾಗ ಇದ್ದದ್ದು ಎಡಗಡೆ... ಅಯ್ಯೋ!

ಎದ್ದಳು. ಕೋಣೆಯನ್ನು ಬಳಸಿ ಅವನ ಬಲಕ್ಕೆ ಬಂದು ನಿಂತಳು. ವಾರದಿಂದ ತಿದ್ದಿ ಇಟ್ಟ ಮಾತು ನಾಲಿಗೆಯ ತುದಿಯಲ್ಲೇ ಕರಗಿಹೋಯಿತು.

"ನಾನು... ದವಡೆ," ಎಂದಳು. ಗುಂಪಿನಲ್ಲಿ ಅದೇ ಅವಳ ಹೆಸರು.

ಅವನ ಕೈಯಿಂದ ವೈರು ಜಾರಿತು. "ನೀವಾ? ಯಾವಾಗ ಬಂದ್ರಿ?"

"ಆಗಲೇ ಬಂದು ಬೈದೂ ಆಯ್ತು. ಆ ಕಡೆಯಿಂದ."

ಅವನ ಮುಖ ಸಣ್ಣದಾಯಿತು. "ಎಡಗಿವಿ ಕೇಳಲ್ಲ ನನಗೆ. ಇಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಲಿಫ್ಟ್ ರಿಪೇರಿಯವನು. ಕೆಳಗಿನಿಂದ ಕೂಗಿದ್ದು ಕೇಳದವನನ್ನ ಯಾರು ಮೇಲೆ ಹತ್ತಿಸ್ತಾರೆ ಹೇಳಿ?"

"ಅವತ್ತೇ ಹೇಳಬಹುದಿತ್ತಲ್ಲ! ನಾನು ಏನೇನೋ ಅಂದ್ಕೊಂಡೆ..."

"ಹೇಳೋಕೆ ಆಗಲಿಲ್ಲ."

"ಮತ್ತೆ ನನ್ನ ರಾಗಾನ ಬಲಕ್ಕೆ ತಳ್ಳಿದ್ದು?"

"ತಳ್ಳಲಿಲ್ಲ." ಅವನು ಮೊದಲ ಸಲ ಅವಳನ್ನು ನೇರ ನೋಡಿದ. "ಕರ್ಕೊಂಡೆ. ನಿಮ್ಮದು ನನಗೆ ಕೇಳಬೇಕಿತ್ತು. ನನ್ನದು ನನಗೆ ಕೇಳದಿದ್ರೂ ನಡೆಯುತ್ತೆ."

ಹಾಗಾದರೆ ಆ ಎಡಗಡೆಯ ರಾಗವನ್ನು ಇವನು ಒಂದು ಸಲವೂ ಕೇಳಿಲ್ಲ! ಕಣ್ಣಿನಿಂದ ಸಾಲು ನೋಡಿ ನೋಡಿ, ನನಗಾಗಿ ಬರೆದು...

"ತುಂಬಾ ಜೋರಾಗಿದೆ ಅದು," ಎಂದಳು.

"ಹೌದಾ? ಎಷ್ಟು?"

"ನಮ್ಮ ಅಕ್ಕ ಬೈದ ಹಾಗೆ."

ಅವನು ನಕ್ಕುಬಿಟ್ಟ. "ಕಮ್ಮಿ ಮಾಡಿಕೊಡ್ತೀರಾ?"

ಇಬ್ಬರೂ ದೊಡ್ಡಣ್ಣನ ಕಂಪ್ಯೂಟರಿನ ಮುಂದೆ ಕುಳಿತರು, ಅವಳು ಅವನ ಬಲಕ್ಕೆ, ಹೆಡ್‌ಫೋನ್ ಹಾಕಿಕೊಂಡು. ಸಾಲಿನಿಂದ ಸಾಲಿಗೆ ಇಳಿಯುತ್ತ ಅವನ ರಾಗದ ಸದ್ದನ್ನು ತಗ್ಗಿಸಿದಳು. ತಗ್ಗಿದ ಹಾಗೆಲ್ಲ ಅವಳ "ಹೂಂ" ಮೇಲೆದ್ದು ಬಂತು. ಒಂದು ಕಡೆಯಿಂದ ಯಾರೋ ಕೇಳಿದ ಹಾಗೆ... ಇನ್ನೊಂದು ಕಡೆಯಿಂದ ಇವಳು ಒಪ್ಪಿದ ಹಾಗೆ...

"ಸಾಕಾ?" ಎಂದಳು.

"ನನಗೇನು ಗೊತ್ತು? ನೀವೇ ಹೇಳಬೇಕು."

"ಸಾಕು. ಈಗ ಚೆನ್ನಾಗಿದೆ."

ಹಿಂದಿನಿಂದ ದೊಡ್ಡಣ್ಣನ ದನಿ ಬಂತು. "ಏನಮ್ಮ, ಜಗಳ ಶುರುವಾಗೋದು ಯಾವಾಗ? ನಾನು ಸ್ಪೀಕರ್ ಎಲ್ಲಾ ದೂರ ಸರಿಸಿಟ್ಟೆ!"

ಸಂಜೆ ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದರು. ಬೀದಿಯಲ್ಲಿ ಅಂಗಡಿಗಳ ದೀಪಗಳು ಹತ್ತುತ್ತಿದ್ದವು. ಅವಳು ತಾನಾಗಿಯೇ ಅವನ ಬಲಗಡೆಗೆ ಬಂದಳು.

"ಹುಟ್ಟಿದಾಗಿನಿಂದ ಹೀಗೇನಾ?"

"ಇಲ್ಲ... ಈಚೆಗೆ," ಎಂದ. ಮುಂದೆ ಹೇಳಲಿಲ್ಲ.

ತಿರುವಿನಲ್ಲಿ ನಿಂತ. "ನಾಳೆ ಕೆಲಸದ ಕಡೆ ಕಿವಿ ವಿಷಯ ಹೇಳಿಬಿಡ್ತೀನಿ. ನಿಮಗೆ ಹೇಳಿದ ಮೇಲೆ ಆ ಭಯ ಹೋಯ್ತು." ಅವಳ ಕಡೆ ತಿರುಗಿ, "ಇನ್ನು ಮುಂದೆ... ಎಡಗಡೆಯದ್ದೆಲ್ಲ ನೀವು ಕೇಳಿಸ್ಕೊಂಡು ನನಗೆ ಹೇಳ್ತೀರಾ? ಹಾಡು ಇದ್ದಾಗ... ಹಾಡು ಇಲ್ಲದಾಗಲೂ?"

ಎಷ್ಟೋ ಪ್ರಶ್ನೆಗಳಿಗೆ ಯೋಚಿಸದೆ ಕೊಟ್ಟಿದ್ದ ಉತ್ತರ. ಇವತ್ತು ಯೋಚಿಸಿದಳು. ಅವನ ಬಲಗಿವಿಯ ಹತ್ತಿರ ಬಾಗಿದಳು.

"ಹೂಂ."

ಆಮೇಲೆ ಅವನು ಅವಳಿಗೆ ಎಲ್ಲವನ್ನೂ ಹೇಳಿದ, ಒಂದನ್ನು ಬಿಟ್ಟು. ಜ್ವರ ಬಂದು ಹೋದ ಮೇಲೆ ಕಿವಿ ಕಟ್ಟಿಕೊಂಡಿದೆ, ಹೆಡ್‌ಫೋನೂ ಕೆಟ್ಟಿದೆ ಎಂದುಕೊಂಡಿದ್ದವನು ಅಂದು ಅವಳ ಫೈಲು ತೆರೆದಾಗ, ಮೊದಲ ಕಾಲಮ್ಮಿನಲ್ಲಿ ಸ್ವರಗಳು ಹರಿಯುವುದು ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡ. ಬಲಗಿವಿಯಲ್ಲಿ ಅವಳ "ಹೂಂ" ಸ್ಪಷ್ಟವಾಗಿ ಕೇಳಿಸಿತು. ತನ್ನ ಎಡಗಿವಿ ಹೋಗಿದೆ ಎಂದು ಅವನಿಗೆ ತಿಳಿದದ್ದು ಅವಳ ಹಾಡಿನಿಂದ. ಅದನ್ನು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.