ಮಾತಿನ ಕಲ್ಲು

ಹಲಗೆಗಳು ಹೋಗಿದ್ದವು. ಕೋಲುಗಳು ಮಾತ್ರ ಉಳಿದಿದ್ದವು.

ಶಾಂತಿ ಮತ್ತು ನ್ಯಾಯ ಕೇಂದ್ರದ ಹಿತ್ತಿಲ ಶೆಡ್ಡು. ಬಾಗಿಲು ತೆರೆದಿತ್ತು. ಬೀಗ ಒಡೆದಿರಲಿಲ್ಲ, ಕೊಂಡಿಗೆ ಸುಮ್ಮನೆ ನೇತಾಡುತ್ತಿತ್ತು. ಮರುದಿನದ ಮೆರವಣಿಗೆಗೆಂದು ಎಲ್ಲರೂ ಸೇರಿ ಬಣ್ಣ ಬಳಿದಿದ್ದ ಹನ್ನೆರಡು ಪ್ಲೈವುಡ್ ಹಲಗೆಗಳು ಮಾಯವಾಗಿದ್ದವು. ಒಂದೊಂದೂ ಬಾಗಿಲಿನಷ್ಟು ದೊಡ್ಡದು. ಒಂದೊಂದರ ಮೇಲೂ ದಪ್ಪ ಅಕ್ಷರದಲ್ಲಿ ‘ಎಲ್ಲರಿಗೂ ಸೂರು’ ಎಂದು ಬರೆದಿತ್ತು. ಹಲಗೆಗೆ ಹೊಡೆದಿದ್ದ ಹಿಡಿಕೋಲುಗಳನ್ನು ಯಾರೋ ಕಿತ್ತು, ಗೋಡೆಗೆ ಸಾಲಾಗಿ ಒರಗಿಸಿ ಹೋಗಿದ್ದರು.

ಇದನ್ನು ಮೊದಲು ಕಂಡವರು ದಫೇದಾರಮ್ಮ. ಪೊಲೀಸ್ ಠಾಣೆಯಲ್ಲಿ ಆಯುಷ್ಯವೆಲ್ಲ ಕಳೆದು ನಿವೃತ್ತರಾದ ಹೆಂಗಸು. ಮನೆಯಲ್ಲಿ ಕೂತು ಹಾಲಿನವನನ್ನೂ ಪೇಪರಿನವನನ್ನೂ ದಿಟ್ಟಿಸುತ್ತಿದ್ದಾಗ ಮಗಳು ಬೇಸತ್ತು, “ಅಮ್ಮಾ, ನಿನ್ನ ನೋಟಕ್ಕೆ ಹೆದರಿ ಹಾಲಿನವನು ಬರೋದೇ ಬಿಟ್ಟಿದ್ದಾನೆ. ನಾಲ್ಕು ಜನಕ್ಕೆ ಒಳ್ಳೇದಾಗೋ ಕೆಲಸ ಏನಾದ್ರೂ ಮಾಡು” ಎಂದು ಈ ಕೇಂದ್ರಕ್ಕೆ ತಂದು ಬಿಟ್ಟಿದ್ದಳು. ಅಲ್ಲಿದ್ದವರಲ್ಲಿ ಅರ್ಧ ಜನ ಎಂದಾದರೊಮ್ಮೆ ಲಾಠಿ ಏಟು ತಿಂದವರು. ಮೊದಲ ದಿನ ಯಾರೂ ಅವರ ಪಕ್ಕ ಕೂರಲಿಲ್ಲ. ಕೇಂದ್ರ ಕಟ್ಟಿದ ಮೇಷ್ಟ್ರು ಮಾತ್ರ ಎದ್ದು ಬಂದು, ಕುರ್ಚಿ ಎಳೆದುಕೊಂಡು ಪಕ್ಕ ಕೂತರು. ಆ ಋಣ ದಫೇದಾರಮ್ಮನ ಮನಸ್ಸಿನಲ್ಲಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು. ಶೆಡ್ಡು ನೋಡಿದವರೇ ಅವರು ಸೀದಾ ಚಿಲಕನನ್ನು ಹುಡುಕಿಕೊಂಡು ಹೋದರು.

ಚಿಲಕ ಹಿಂದೆ ಮನೆಗಳ್ಳ. ಅವನು ತೆರೆಯಲಾರದ ಬೀಗವೇ ಇರಲಿಲ್ಲವೆಂದು ಆ ಹೆಸರು ಬಂತು. ಜೈಲಿನಲ್ಲಿ ಮರಗೆಲಸ ಕಲಿತ. ಷರತ್ತಿನ ಮೇಲೆ ಬಿಡುಗಡೆಯಾಗಿ ಬಂದವನು ಈಗ ಕೇಂದ್ರದ ಮುರಿದ ಕುರ್ಚಿ, ಸಡಿಲ ಕಿಟಕಿ ಎಲ್ಲಕ್ಕೂ ವೈದ್ಯ. ಆ ಹಲಗೆಗಳಿಗೆ ಕೋಲು ಹೊಡೆದವನೂ ಅವನೇ. ಕಳೆದ ತಿಂಗಳು ಮೇಷ್ಟ್ರು ಎಲ್ಲರೆದುರು ಶೆಡ್ಡಿನ ಕೀಲಿಯನ್ನು ಅವನ ಕೈಗಿಟ್ಟಾಗ ಚಪ್ಪಾಳೆಯೋ ಚಪ್ಪಾಳೆ.

“ಬ್ಯಾಗ್ ತೆಗಿ,” ಎಂದರು ದಫೇದಾರಮ್ಮ.

ಅವನು ತೆಗೆದ. ಒಂದು ಅಂಗಿ, ಊಟದ ಡಬ್ಬಿ, ಸುತ್ತಿಗೆ, ಇಕ್ಕಳ. ಬಾಗಿಲಿನಷ್ಟು ದೊಡ್ಡ ಹಲಗೆಯನ್ನು ಬ್ಯಾಗಿನಲ್ಲಿ ಹುಡುಕಿದೆನಲ್ಲ ಎಂದು ಅವರಿಗೆ ಆಮೇಲೆ ಹೊಳೆಯಿತು.

* * *

ಕೇಂದ್ರದಲ್ಲಿ ಏನೇ ಆದರೂ ಮೊದಲು ವೃತ್ತ. ಎಲ್ಲರೂ ಸುತ್ತಲೂ ಕೂರಬೇಕು. ಒಂದು ನುಣುಪಾದ ಹೊಳೆಗಲ್ಲು ಕೈಯಿಂದ ಕೈಗೆ ಹೋಗುತ್ತದೆ. ಕಲ್ಲು ಯಾರ ಬಳಿ ಇದೆಯೋ ಅವರದಷ್ಟೇ ಮಾತು. ಕಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಆಗ ಬೆರಳು ತೋರಿಸಲು ಕೈ ಉಳಿಯುವುದಿಲ್ಲ. ಈ ನಿಯಮ ಮಾಡಿದವರು ಮೇಷ್ಟ್ರು.

ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ತಾನೇ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಇಲ್ಲಿ ಎಲ್ಲರೂ ಚಿಲಕನ ಹೆಗಲನ್ನೇ ನೋಡುತ್ತಿದ್ದರು.

ಅದಕ್ಕೊಂದು ಕಾರಣವೂ ಇತ್ತು. ಮಾರುಕಟ್ಟೆ ಹಿಂದಿನ ಓಣಿಯ ಮನೆಗಳನ್ನು ಕೆಡವಿದ್ದರು. ಕಳೆದ ವಾರ ಅಲ್ಲಿಂದ ಒಬ್ಬ ಬಾಣಂತಿ ಕೂಸನ್ನೆತ್ತಿಕೊಂಡು ಬಂದು, ಗೋಡೆಯ ಹಾಗೆ ಅಡ್ಡ ನಿಲ್ಲಿಸಲು ನಾಲ್ಕು ಹಲಗೆ ಕೊಡಿ ಎಂದು ಕೇಳಿದ್ದಳು. ಮೇಷ್ಟ್ರು ಮೃದುವಾಗಿಯೇ ಆಗುವುದಿಲ್ಲವೆಂದರು. ನಾವು ದಾನ ಮಾಡುವವರಲ್ಲ ತಾಯಿ, ನಿನ್ನ ಹಕ್ಕು ಕೇಳುವವರು. ಹಲಗೆ ಕೊಟ್ಟುಬಿಟ್ಟರೆ ಮನೆ ಕೊಡಬೇಕಾದವರು ನಿಶ್ಚಿಂತೆಯಿಂದ ಮಲಗುತ್ತಾರೆ ಎಂದು ವಿವರಿಸಿದರು. ಸರಿ ಎನ್ನುವವರು ಕೈಯೆತ್ತಿ ಎಂದಾಗ ಎಲ್ಲರ ಕೈಯೂ ಎದ್ದಿತು. ದಫೇದಾರಮ್ಮನದೂ ಎದ್ದಿತು. ಏಳದ ಕೈ ಒಂದೇ, ಚಿಲಕನದು.

ಕಲ್ಲು ಮೊದಲು ವಕೀಲೆಯ ಬಳಿ ಬಂತು. ಕೇಂದ್ರದ ಕಾರ್ಯದರ್ಶಿ, ಮಾತು ಕತ್ತರಿಯಂತೆ. ಕೀಲಿ ಇರುವುದು ಮೂವರ ಬಳಿ, ತಾನು, ಮೇಷ್ಟ್ರು ಮತ್ತು ಇನ್ನೊಬ್ಬರು ಎಂದಳು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಓಣಿ ಕೆಡವಿಸಿದ ಗುತ್ತಿಗೆದಾರ ದುಡ್ಡು ಚೆಲ್ಲಿ ಮೆರವಣಿಗೆ ಕೆಡಿಸಲು ಹೊರಟಿರಬಹುದು. ಸಂಜೆಯೊಳಗೆ ಹಲಗೆ ಸಿಗದಿದ್ದರೆ ಪೊಲೀಸರಿಗೆ ದೂರು ಕೊಡಲೇಬೇಕು ಎಂದಳು.

ದೂರಿನಲ್ಲಿ ಹೆಸರು ಬಂದರೆ ಸಾಕು, ಚಿಲಕ ಮತ್ತೆ ಒಳಗೆ. ಇದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಕಲ್ಲು ಮೇಷ್ಟ್ರ ಬಳಿ ಬಂತು. ಎಲ್ಲರೂ ಅವರತ್ತ ತಿರುಗಿದರು. ‘ಸಂಶಯಕ್ಕಿಂತ ದೊಡ್ಡ ಹಿಂಸೆ ಇಲ್ಲ’ ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ ಮನುಷ್ಯ. ಆದರೆ ಇಂದು ಶಾಲಿನಿಂದ ಬಲಗೈಯೊಂದನ್ನೇ ಚಾಚಿ ಕಲ್ಲು ತೆಗೆದುಕೊಂಡರು. ನೆಲ ನೋಡಿದರು. ಏನೂ ಹೇಳದೆ ದಾಟಿಸಿಬಿಟ್ಟರು.

ಕಲ್ಲು ಚಿಲಕನ ಬಳಿ ಬಂತು. ಅವನು ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟ. “ನಾನು ತೆಗೆದಿಲ್ಲ,” ಎಂದ. ಕಲ್ಲನ್ನು ಕೀಲಿಯ ಪಕ್ಕ ಇಟ್ಟು, ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟುಹೋದ. ಯಾರೂ ತಡೆಯಲಿಲ್ಲ.

* * *

ದಫೇದಾರಮ್ಮ ಶೆಡ್ಡಿಗೆ ಮರಳಿದರು. ಬೆಳಿಗ್ಗೆ ಮನುಷ್ಯನನ್ನು ನೋಡಿದ್ದರು, ವಸ್ತುವನ್ನು ನೋಡಿರಲಿಲ್ಲ. ಹೊಸ ಕಾನ್‌ಸ್ಟೇಬಲ್ ಮಾಡುವ ತಪ್ಪು.

ಕೋಲುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ತುದಿಗಳು ಸೀಳಿದ್ದವು. ಮೊಳೆ ಇದ್ದ ಕಡೆಯೆಲ್ಲ ಸುತ್ತಿಗೆ ಏಟಿನ ತಗ್ಗುಗಳು. ಕಿತ್ತ ಮೊಳೆಗಳು ನೆಲದ ಮೇಲೆ ಸೊಟ್ಟಗೆ ಬಿದ್ದಿದ್ದವು. ಆದರೂ ಕೋಲುಗಳನ್ನು ಮಟ್ಟಸವಾಗಿ ಜೋಡಿಸಿಟ್ಟಿತ್ತು. ಮೆರವಣಿಗೆ ಕೆಡಿಸಲು ಬಂದವನಾದರೆ ಬೆಂಕಿ ಹಚ್ಚುತ್ತಿದ್ದ, ಇಲ್ಲವೇ ಬಣ್ಣ ಎರಚುತ್ತಿದ್ದ. ಇವನಿಗೆ ಬೇಕಾಗಿದ್ದದ್ದು ಚಪ್ಪಟೆ ಹಲಗೆ ಮಾತ್ರ.

ಮೂಲೆಯಲ್ಲಿ ಕೇಂದ್ರದ ತಳ್ಳುಗಾಡಿ ನಿಂತಿತ್ತು. ಚಕ್ರಕ್ಕೆ ಕೆಂಪು ಪುಡಿ ಮೆತ್ತಿತ್ತು. ಬೆರಳಲ್ಲಿ ಉಜ್ಜಿ ನೋಡಿದರು. ಇಟ್ಟಿಗೆ ಪುಡಿ.

ಹತ್ತಿರದಲ್ಲಿ ಅಷ್ಟು ಇಟ್ಟಿಗೆ ಒಡೆದಿದ್ದ ಜಾಗ ಒಂದೇ.

* * *

ಓಣಿ ಈಗ ಓಣಿಯಾಗಿರಲಿಲ್ಲ. ಇಟ್ಟಿಗೆ ಗುಡ್ಡೆಗಳ ನಡುವೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಜನ ಇದ್ದರು. ಕೊನೆಯಲ್ಲಿ ಒಂದಕ್ಕೆ ಮಾತ್ರ ಗೋಡೆ ಇತ್ತು, ಹೊಸ ಪ್ಲೈವುಡ್ ಗೋಡೆ. ಹೊರಮೈ ಖಾಲಿ. ದಫೇದಾರಮ್ಮ ಬಗ್ಗಿ ಒಳಹೊಕ್ಕರು. ಸುತ್ತಲೂ ‘ಎಲ್ಲರಿಗೂ ಸೂರು’, ಕೆಲವು ನೆಟ್ಟಗೆ, ಕೆಲವು ತಲೆಕೆಳಗೆ. ನಡುವೆ ಬಾಣಂತಿ ಕೂಸಿಗೆ ಹಾಲು ಕುಡಿಸುತ್ತಿದ್ದಳು.

ಅವಳನ್ನು ಬರಿಗೈಯಲ್ಲಿ ಕಳಿಸಲು ಎತ್ತಿದ ಕೈ ದಫೇದಾರಮ್ಮನಿಗೆ ಭಾರವಾಯಿತು. ಎಲ್ಲಿಡುವುದೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡರು.

“ಯಾರಮ್ಮ ಕಟ್ಟಿಕೊಟ್ಟಿದ್ದು?”

“ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ ಅಕ್ಕ.” ಅವಳು ಕೂಸನ್ನು ಇನ್ನಷ್ಟು ಹತ್ತಿರ ಒತ್ತಿಕೊಂಡಳು. “ಬಿಚ್ಕೊಂಡು ಹೋಗೋಕೆ ಬಂದ್ರಾ?”

ದಫೇದಾರಮ್ಮ ಇಲ್ಲವೆಂದು ತಲೆಯಾಡಿಸಿದರು. ಗೋಡೆಯ ಮೊಳೆಗಳನ್ನು ನೋಡಿದರು. ಹತ್ತರಲ್ಲಿ ಆರು ಸೊಟ್ಟ. ಒಂದು ಮೊಳೆಯ ಪಕ್ಕ ಹಲಗೆಯ ಮೇಲೆ ರಕ್ತದ ಕಲೆ ಒಣಗಿತ್ತು. ಚಿಲಕನ ಕೈಕೆಲಸ ಅವರು ಕಂಡಿದ್ದರು. ಅವನು ಕಣ್ಣು ಮುಚ್ಚಿಕೊಂಡು ಹೊಡೆದರೂ ಮೊಳೆ ನೆಟ್ಟಗೆ ಇಳಿಯುತ್ತಿತ್ತು.

ಆ ಕ್ಷಣವೇ ಅವರಿಗೆ ಶಾಲಿನೊಳಗಿಂದ ಹೊರಬರದ ಎಡಗೈ ನೆನಪಾಯಿತು. ಬೇರೆ ಯಾರಾದರೂ ಆಗಿರಬಾರದಿತ್ತೇ ಎನ್ನಿಸಿತು.

* * *

ಚಿಲಕ ಬಸ್ ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಿದ. ಊರು ಬಿಟ್ಟು ಹೋದರೆ ಷರತ್ತು ಮುರಿದಂತೆ, ಅದು ಅವನಿಗೂ ಗೊತ್ತಿತ್ತು.

ದಫೇದಾರಮ್ಮ ಪಕ್ಕದಲ್ಲಿ ಕೂತರು. “ಬೆಳಿಗ್ಗೆ ನಿನ್ನ ಬ್ಯಾಗ್ ತೆಗೆಸಿದೆ. ತಪ್ಪಾಯ್ತಪ್ಪ.”

“ನೀವಾದ್ರೂ ತೆಗೆಸಿ ನೋಡಿದ್ರಿ,” ಎಂದ ಚಿಲಕ. “ಉಳಿದವರು ನೋಡದೇನೇ ನಾನೇ ಕಳ್ಳ ಅಂತ ನಂಬಿದ್ರು.”

ಒಂದು ಬಸ್ ಬಂತು, ಹೋಯಿತು. ದಫೇದಾರಮ್ಮ ಇನ್ನೊಂದೇ ಸಲ ವೃತ್ತಕ್ಕೆ ಬಾ ಎಂದು ಬೇಡಿಕೊಂಡರು. ಇಷ್ಟು ವರ್ಷ ಜನರನ್ನು ಎಳೆದೊಯ್ದು ಅಭ್ಯಾಸವಿದ್ದ ಹೆಂಗಸು ಮೊದಲ ಸಲ ಒಬ್ಬನನ್ನು ಬೇಡಿ ಕರೆದೊಯ್ದರು.

* * *

ಸಂಜೆ ಎಲ್ಲರೂ ಸೇರಿದರು. ವಕೀಲೆ ದೂರು ಬರೆದು ತಂದಿದ್ದಳು. ದಫೇದಾರಮ್ಮ ಎರಡೂ ಕೈಯಲ್ಲಿ ಕಲ್ಲು ಹಿಡಿದುಕೊಂಡು ಹಲಗೆಗಳು ಎಲ್ಲಿವೆ ಎಂದು ಹೇಳಿದರು. ಎಲ್ಲರ ಕಣ್ಣೂ ಮತ್ತೆ ಚಿಲಕನ ಮೇಲೆ. ಅವತ್ತು ಕೈಯೆತ್ತದವನು ಇವನೇ ತಾನೇ?

“ಮೊಳೆ ಹೊಡೆದವನಿಗೆ ಕೀಳೋದೂ ಗೊತ್ತಿರುತ್ತೆ. ಇಕ್ಕಳ ಅವನ ಬ್ಯಾಗಲ್ಲೇ ಇದೆ. ಆದ್ರೆ ಶೆಡ್ಡಲ್ಲಿ ಕೋಲೆಲ್ಲ ಸೀಳಿದೆ,” ಎಂದರು ದಫೇದಾರಮ್ಮ. “ಅಲ್ಲಿ ಗೋಡೆಯ ಮೊಳೆ ಹತ್ತರಲ್ಲಿ ಆರು ಸೊಟ್ಟ. ಸುತ್ತಿಗೆಯನ್ನೇ ಹಿಡಿಯದ ಕೈಯ ಕೆಲಸ ಅದು. ಬರಹ ಒಳಗಡೆಗೆ ತಿರುಗಿಸಿದ್ದಾರೆ, ಯಾರೂ ಗುರುತು ಹಿಡೀಬಾರದು ಅಂತ. ಹೊಡೆಯುವಾಗ ಬೆರಳಿಗೂ ಏಟು ಬಿದ್ದಿದೆ. ಬೀಗ ಕೀಲಿಯಿಂದಲೇ ತೆಗೆದಿದ್ದು. ಕೀಲಿ ಇದ್ದ ಮೂವರಲ್ಲಿ ವಕೀಲಮ್ಮನ ಎರಡೂ ಕೈ ಬೆಳಿಗ್ಗೆ ಎಲ್ಲರೂ ನೋಡಿದ್ದೀವಿ.”

ಎದ್ದು ನಡೆದು ಕಲ್ಲನ್ನು ಮೇಷ್ಟ್ರ ಮುಂದೆ ಹಿಡಿದರು.

“ಎರಡೂ ಕೈಯಲ್ಲಿ ತಗೊಳ್ಳಿ ಮೇಷ್ಟ್ರೇ. ನಿಮ್ಮದೇ ನಿಯಮ.”

ಶಾಲಿನೊಳಗಿಂದ ಎಡಗೈ ನಿಧಾನವಾಗಿ ಹೊರಬಂತು. ಹೆಬ್ಬೆರಳು ಊದಿಕೊಂಡು ಉಗುರು ಕಪ್ಪಾಗಿತ್ತು.

ಮೇಷ್ಟ್ರು ಎರಡೂ ಕೈಯಲ್ಲಿ ಕಲ್ಲು ತೆಗೆದುಕೊಂಡರು. ಆಮೇಲೆ ಹೇಳಿದರು. ನಸುಕಿನಲ್ಲಿ ಓಣಿಯ ದಾರಿಯಾಗಿ ನಡೆದು ಹೋಗುತ್ತಿದ್ದಾಗ ಪ್ಲಾಸ್ಟಿಕ್ಕಿನೊಳಗೆ ಕೂಸು ಕೆಮ್ಮುವುದು ಕೇಳಿಸಿತು. ಬೇರೆ ಹಲಗೆ ಕೊಳ್ಳೋಣವೆಂದರೆ ಅಂಗಡಿ ಬಾಗಿಲು ತೆರೆಯುವವರೆಗೆ ಕಾಯಲಾಗಲಿಲ್ಲ. ಓಣಿಯವರಿಬ್ಬರು ಗಾಡಿ ತಳ್ಳಿದರು.

“ದಾನ ಬೇಡ ಅಂತ ಆಯುಷ್ಯವೆಲ್ಲ ಭಾಷಣ ಮಾಡಿದೋನು. ನಿಮ್ಮೆದುರು ಹೇಗೆ ಹೇಳಲಿ ಅನ್ನಿಸ್ತು. ಅಷ್ಟರಲ್ಲಿ ಎಲ್ಲರೂ ಇವನ ಮುಖ ನೋಡ್ತಾ ಇದ್ರಿ. ಕಲ್ಲು ಕೈಗೆ ಬಂತು. ನಾಲಿಗೆ ಏಳಲಿಲ್ಲ.” ಅವರು ಚಿಲಕನತ್ತ ನೋಡಲು ಯತ್ನಿಸಿದರು, ಆಗಲಿಲ್ಲ. “ನನ್ನ ಮರ್ಯಾದೆ ಉಳೀಲಿ ಅಂತ ನಿನ್ನನ್ನ ಜೈಲಿಗೆ ಕಳಿಸೋಕೂ ಸುಮ್ಮನಿದ್ದೆನಲ್ಲಪ್ಪ. ನಾಚಿಕೆಯಿಂದ ಸಾಯ್ತಾ ಇದ್ದೀನಿ.”

ವಕೀಲೆ ದೂರಿನ ಹಾಳೆಯನ್ನು ಮಡಿಸುತ್ತಲೇ ಇದ್ದಳು, ಅದು ಬೆರಳಿನಷ್ಟು ಚಿಕ್ಕದಾಗುವವರೆಗೆ. ಅವತ್ತು ಕೈಯೆತ್ತಿದವರೆಲ್ಲ ತಂತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

ಮೇಷ್ಟ್ರು ಮೇಜಿನ ಮೇಲಿದ್ದ ಕೀಲಿಯನ್ನು ಚಿಲಕನತ್ತ ಸರಿಸಿದರು. ಅವನು ಮುಟ್ಟಲಿಲ್ಲ. ಕಲ್ಲಿಗೂ ಕೈಚಾಚಲಿಲ್ಲ. ದಫೇದಾರಮ್ಮನ ಕಡೆ ತಿರುಗಿ ಕೇಳಿದ.

“ಹತ್ತರಲ್ಲಿ ಎಷ್ಟು ಸೊಟ್ಟ ಅಂದ್ರಿ?”

“ಆರು.”

“ಗಾಳಿ ಬಂದ್ರೆ ಕೂಸಿನ ಮೇಲೇ ಬೀಳುತ್ತೆ.” ಬ್ಯಾಗ್ ತೆರೆದು ಸುತ್ತಿಗೆ, ಇಕ್ಕಳ ತೆಗೆದ. ಬಾಗಿಲವರೆಗೆ ಹೋಗಿ ನಿಂತ. ತಿರುಗಲಿಲ್ಲ. “ಮೇಷ್ಟ್ರೇ, ಕ್ಷಮೆ ಗಿಮೆ ಈಗ ನನ್ನ ಹತ್ತಿರ ಇಲ್ಲ. ಕತ್ತಲಾಗೋದರೊಳಗೆ ಕೆಲಸ ಮುಗೀಬೇಕು. ಹಲಗೆ ಹಿಡ್ಕೊಳ್ಳೋಕೆ ಜನ ಬೇಕು.”

ಮೇಷ್ಟ್ರು ಕಲ್ಲನ್ನು ಕೆಳಗಿಟ್ಟು ಎದ್ದರು. ಅವರ ಹಿಂದೆ ದಫೇದಾರಮ್ಮ. ಕುರ್ಚಿಗಳು ಒಂದೊಂದಾಗಿ ಸರಿದವು. ಓಣಿಯ ದಾರಿಯುದ್ದಕ್ಕೂ ಚಿಲಕ ಎಲ್ಲರಿಗಿಂತ ಮುಂದೆ, ಒಬ್ಬನೇ ನಡೆಯುತ್ತಿದ್ದ.