ಮಾತು ನುಂಗುವ ಮಬ್ಬು

ಕರಡಿಗೂ ಮನುಷ್ಯರ ಮಾತು ಬರುತ್ತಿದ್ದ ಕಾಲದಲ್ಲಿ ಕಾರೆಮಲೆ ಎಂಬ ರಾಜ್ಯವಿತ್ತು. ಅಲ್ಲಿ ಬೆಟ್ಟದ ಬುಡದಲ್ಲಿ ಕೆಳಕೊಪ್ಪಲು, ನೆತ್ತಿಯಲ್ಲಿ ಮೇಲ್ಹಾಡಿ. ನಡುವೆ ದಟ್ಟ ಕಾಡು. ಕಾಡಿನೊಳಗೆ ತಿರುವಿನ ಮೇಲೆ ತಿರುವು ಹಾಕಿ ಹತ್ತುವ ಒಂದೇ ಒಂದು ದಾರಿ.

ಕಾಡಿನ ಗವಿಯಲ್ಲಿ ಮಬ್ಬಯ್ಯ ಎಂಬ ಮಾಂತ್ರಿಕನಿದ್ದ. ಮನುಷ್ಯರ ಸದ್ದೆಂದರೆ ಅವನಿಗೆ ಆಗದು. ಆ ದಾರಿಯೇ ಮುಚ್ಚಿಹೋಗಲಿ ಎಂದು ಒಂದು ದಿನ ಬಿರುಗಾಳಿ ಎಬ್ಬಿಸಿದ. ಬುಡದಿಂದ ನೆತ್ತಿಯವರೆಗೆ ಮರಗಳು ಅಡ್ಡಬಿದ್ದವು. ಆಮೇಲೆ ಚೀಲದ ಬಾಯಿ ಬಿಚ್ಚಿ ಮಬ್ಬನ್ನು ಹೊರಬಿಟ್ಟ. ಅದು ಕೂಗಿದ ಮಾತನ್ನು ನುಂಗುವ ಮಬ್ಬು. ಬೈಗುಳವೆಂದರೆ ಅದಕ್ಕೆ ಹಬ್ಬದೂಟ. ತಿಂದಷ್ಟೂ ದಪ್ಪವಾಗುತ್ತಿತ್ತು.

ಕೆಳಕೊಪ್ಪಲಿನ ಸೂಲಗಿತ್ತಿ ಬೊಮ್ಮಕ್ಕನ ಎದೆ ಧಸಕ್ಕೆಂದಿತು. ಅವಳ ಅಕ್ಕ ಕೆಂಚಮ್ಮ ಮೇಲ್ಹಾಡಿಯ ಸೊಸೆ, ದಿನ ತುಂಬಿದ ಬಸುರಿ. ಹಿಂದಿನ ಹೆರಿಗೆಯಲ್ಲಿ ಕೂಸು ಅಡ್ಡಬಂದು ತಾಯಿ ಉಳಿದದ್ದೇ ಹೆಚ್ಚು. ಈ ಸಲ ತಂಗಿಯ ಕೈ ಸಿಗದಿದ್ದರೆ ಅಕ್ಕ ಉಳಿಯುವುದಿಲ್ಲ.

ಅರಸನ ಆಳುಗಳು ಬರಲಿಲ್ಲ. ಅಂಥದೊಂದು ದಾರಿ ಇದೆಯೆಂದೇ ಅರಸನಿಗೆ ಗೊತ್ತಿರಲಿಲ್ಲ, ಪಾಪ. ಊರವರೇ ಮನೆಗೊಬ್ಬರಂತೆ ಕೊಡಲಿ, ಹಗ್ಗ, ಸನ್ನೆಗೋಲು ಹೊತ್ತು ಹೊರಟರು. ಹಿರಿಯ ದೊಡ್ಡೀರಜ್ಜ ಮುಂದೆ, ಬೊಮ್ಮಕ್ಕ ಅವನ ಹಿಂದೆ. ಆ ಸೀಮೆಯಲ್ಲಿ ಮರಕ್ಕೆ ಕೊಡಲಿ ಇಡುವ ಮುಂಚೆ ಅರಿಸಿನದ ಕೈಯನ್ನು ಕಾಂಡದ ಮೇಲೆ ಒತ್ತಿ, “ತಪ್ಪಾಯ್ತು ತಾಯಿ” ಅನ್ನುವುದು ವಾಡಿಕೆ. ಬಿದ್ದ ಮರಕ್ಕೂ ಅಷ್ಟೇ ಮರ್ಯಾದೆ. ಹಾಗೆ ಕೈಯೊತ್ತಿ, ಕಡಿದು, ಕೊಂಬೆ ಸವರಿ, ದಿಮ್ಮಿಗಳನ್ನು ಕಣಿವೆಗೆ ಉರುಳಿಸಿದರು. ಮೊದಲ ತಿರುವು ತೆರವಾಯಿತು.

ಬುತ್ತಿ ಬಿಚ್ಚಿ ಕೂತಿದ್ದರಷ್ಟೇ. ಮಬ್ಬಿನೊಳಗಿಂದ ದಡದಡ ಸದ್ದು. ಓಡಿಹೋಗಿ ನೋಡಿದರೆ ದಾರಿಯ ತುಂಬ ದಿಮ್ಮಿಗಳು! ಕಡಿದವು, ಕೊಂಬೆ ಸವರಿದವು.

“ಇವು ನಾವೇ ಉರುಳ್ಸಿದ್ವಲ್ಲ? ಕಣಿವೆಯಿಂದ ಹೆಂಗ್ ಹತ್ಕೊಂಡ್ ಬಂದ್ವು?” ಎಂದ ಒಬ್ಬ.

ದೊಡ್ಡೀರಜ್ಜ ಥಟ್ಟನೆ ಮುಖ ತಿರುಗಿಸಿದ. “ಸತ್ತು ಮರಳಿದ್ದರ ಮುಖ ನೋಡಬಾರ್ದು ಕಣ್ರಪ್ಪಾ. ಕಂಬಳಿ ಮುಚ್ಚಿ, ಮುಖ ತಿರುಗ್ಸಿ ನೂಕಿ.” ಹಾಗೇ ನೂಕಿದರು. ನೂಕುತ್ತಾ ಮೇಲೆ ನೋಡಿ, “ಎಲೋ ಮಬ್ಬಯ್ಯಾ, ನಿನ್ನ ಮನೆ ಹಾಳಾಗ!” ಎಂದು ಬೈದರು. ಮಬ್ಬು ಚಪ್ಪರಿಸಿ ನುಂಗಿ ಇನ್ನಷ್ಟು ದಪ್ಪಗಾಯಿತು.

ಬಂಡೆಯ ಮೇಲೆ ಮಬ್ಬಯ್ಯನ ಕಾವಲು ಕರಡಿ ಕೂತಿತ್ತು. ಅದಕ್ಕೆ ಸುಳ್ಳು ಹೇಳಲಾಗದ ಶಾಪ. ಬೊಮ್ಮಕ್ಕ ಕೇಳಿದಳು, “ಕರಡ್ಯಣ್ಣಾ, ನಿನ್ನ ಒಡೆಯ ಯಾಕೆ ಹಿಂಗ್ ಮರ ಎಸೀತಾನೆ?”

“ನನ್ನ ಒಡೆಯ ಒಂದು ಕಡ್ಡಿಯನ್ನೂ ಎಸೆದಿಲ್ಲ” ಎಂದಿತು ಕರಡಿ.

ಎರಡನೆಯ ದಿನ ಮತ್ತೆ ಬಿಡಿಸಿದರು, ಮತ್ತೆ ದಡದಡ. “ಹಂಗಾದ್ರೆ ಎಸಿಯೋರು ಯಾರು?”

“ನಿನ್ನ ದಾರಿ ಕಾಯುತ್ತಿರುವವರು.”

“ಇದೇನ್ ಒಗಟೋ ಶಿವನೇ!” ಎಂದು ಬೊಮ್ಮಕ್ಕ ತಲೆ ಹಿಡಿದು ಕೂತಳು.

ಮೂರನೆಯ ದಿನವೂ ದಿಮ್ಮಿಗಳು ಬಂದವು. ಊರವರ ರಟ್ಟೆ ಬಿದ್ದುಹೋಗಿತ್ತು. ಕೆಲವರು ಹಗ್ಗ ಸುತ್ತತೊಡಗಿದರು. ಬೊಮ್ಮಕ್ಕನಿಗೆ ಅಳು ಒತ್ತರಿಸಿ ಬಂತು. “ಇದು ನಿಲ್ಲೋದು ಹೆಂಗಣ್ಣಾ?”

ಕರಡಿ ಆಕಳಿಸಿತು. “ಮುಖ ತಿರುಗಿಸಿಕೊಂಡವರಿಗೆ ಎಷ್ಟು ಹೇಳಿದರೇನು?”

ಬೊಮ್ಮಕ್ಕ ಎದ್ದು ಕಂಬಳಿಗೆ ಕೈ ಹಾಕಿದಳು.

“ಬ್ಯಾಡ ಕಣವ್ವಾ, ಕಣ್ಣು ಹೋದಾವು!” ಎಂದು ಅಜ್ಜ ಕೂಗಿದ.

“ಅಕ್ಕನೇ ಹೋದ್ಮೇಲೆ ಕಣ್ಣಿಟ್ಕೊಂಡು ಏನ್ ಮಾಡ್ಲಜ್ಜಾ?” ಎಂದು ಕಂಬಳಿ ಎಳೆದೇಬಿಟ್ಟಳು.

ದಿಮ್ಮಿಯ ಮೇಲೆ ಅರಿಸಿನದ ಕೈಗುರುತು. ನಾಲ್ಕೇ ಬೆರಳು, ಕಿರುಬೆರಳಿಲ್ಲ. ಅದು ಮಾಳನ ಕೈ, ಅವಳಕ್ಕನ ಗಂಡನ ಕೈ. ಅವನ ಬೆರಳು ಹೋದಾಗ ಮದ್ದು ಕಟ್ಟಿದವಳು ಇದೇ ಬೊಮ್ಮಕ್ಕ.

ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ಮತ್ತೊಂದು ದಿಮ್ಮಿ ಸರಿಯುವ ಸದ್ದು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಬೊಮ್ಮಕ್ಕ ನಿಂತಲ್ಲೇ ನಿಂತು, ಎದೆ ಬಿರಿಯುವಂತೆ ಕೂಗಿದಳು:

“ಬಾವಾ! ಮಾಳಬಾವಾ! ನಾನು ಬೊಮ್ಮಿ ಬಾವಾ!”

ಮಬ್ಬು ಎಂದಿನಂತೆ ಬಾಯಿ ತೆರೆಯಿತು. ಬೈಗುಳ ತಿಂದು ಬೆಳೆದ ಬಾಯಿ ಅದು, ನಂಟಿನ ಹೆಸರು ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿತು, ಇನ್ನೂ ಕೆಮ್ಮಿತು, ಕೊನೆಗೆ ಎರಡಾಗಿ ಸೀಳಿಹೋಯಿತು.

ಮೇಲೆ, ದಾರಿಯ ಅಂಚಿನಲ್ಲಿ, ಅರ್ಧ ಉರುಳಿದ ದಿಮ್ಮಿಯನ್ನು ಸನ್ನೆಗೋಲಿನಲ್ಲಿ ತಡೆಹಿಡಿದು ಮಾಳ ನಿಂತಿದ್ದ. ಹಿಂದೆ ಮೇಲ್ಹಾಡಿಯ ಗಂಡಸರೆಲ್ಲ.

“ಬೊಮ್ಮೀ? ಕೆಳಗಿರೋದು ನೀವಾ? ಕೊಡಲಿ ಸದ್ದು ಕೇಳಿ, ಮಬ್ಬಯ್ಯನ ಭೂತಗಳು ಹಲ್ಲು ಕಡೀತಾವೆ ಅಂದ್ಕೊಂಡು, ಗುರಿಯಿಟ್ಟು ಉರುಳಿಸ್ತಿದ್ವಲ್ಲೇ!”

“ಅಕ್ಕ?”

“ನೋವು ಶುರುವಾಗೈತೆ ಕಣವ್ವಾ. ಡೋಲೀಲಿ ಹೊತ್ಕೊಂಡು ನಿನ್ನ ಹತ್ರ ತರಾಣ ಅಂತ್ಲೇ ದಾರಿ ಬಿಡಿಸ್ತಿದ್ವಿ.”

ದೊಡ್ಡೀರಜ್ಜ ದೊಪ್ಪನೆ ನೆಲಕ್ಕೆ ಕೂತ. ನಗಬೇಕೋ ಅಳಬೇಕೋ ಅವನಿಗೆ ತೋಚಲಿಲ್ಲ. ಬೊಮ್ಮಕ್ಕ ದಾರಿ ತೆರವಾಗುವವರೆಗೂ ಕಾಯಲಿಲ್ಲ. ಸೆರಗು ಬಿಗಿದು, ದಿಮ್ಮಿಯ ಮೇಲೆ ದಿಮ್ಮಿ ಹತ್ತಿ ದಾಟಿದಳು.

ಇತ್ತ ಸೀಳಿದ ಮಬ್ಬು ತೆವಳುತ್ತಾ ಗವಿ ಸೇರಿ, ನುಂಗಿದ ಬೈಗುಳವನ್ನೆಲ್ಲ ಒಟ್ಟಿಗೇ ಕಕ್ಕಿತು. ಎರಡೂರಿನ ಶಾಪ ಗವಿಯೊಳಗೆ ಮೊಳಗಿತು. ಮನುಷ್ಯರ ಸದ್ದೇ ಆಗದ ಮಬ್ಬಯ್ಯ ಕಿವಿ ಮುಚ್ಚಿಕೊಂಡು ಓಡಿದವನು ಮತ್ತೆ ಆ ರಾಜ್ಯದ ಕಡೆ ತಲೆ ಹಾಕಲಿಲ್ಲ. ಒಡೆಯ ತೊಲಗಿದೊಡನೆ ಶಾಪ ಕಳೆದ ಕರಡಿ ಮಾತಿನ ಉಸಾಬರಿಯೇ ಬೇಡವೆಂದು ಜೇನು ಹುಡುಕಿ ಹೋಯಿತು.

ಹೊತ್ತು ಮುಳುಗುವ ಮುಂಚೆ ಎರಡೂರಿನವರು ನಡುದಾರಿಯಲ್ಲಿ ಕೈ ಕೈ ಕೂಡಿಸಿ ಕೊನೆಯ ಮರ ಸರಿಸಿದರು. ಅದೇ ಹೊತ್ತಿಗೆ ಮೇಲಿನಿಂದ ಕೂಸಿನ ಅಳು ಕೇಳಿಸಿತು. ಹಿಂದೆಯೇ ಕೆಂಚಮ್ಮನ ದನಿ: “ಬೊಮ್ಮೀ, ಇಷ್ಟು ತಡ ಯಾಕಾಯ್ತೇ?”

ಇವತ್ತಿಗೂ ಆ ದಾರಿಯಲ್ಲಿ ಮರ ಬಿದ್ದರೆ, ಅರಿಸಿನದ ಕೈಯೊತ್ತಿ, “ಕೆಳಗೆ ಯಾರಿದ್ದೀರಪ್ಪಾ?” ಎಂದು ಕೂಗುತ್ತಾರೆ. ಕೂಗಿ ಸುಮ್ಮನಾಗುವುದಿಲ್ಲ, ಉತ್ತರಕ್ಕೆ ಕಾಯುತ್ತಾರೆ. ಕೆಂಚಮ್ಮನ ಮಗಳು ಆ ದಾರಿಯಲ್ಲೇ ನಡೆಯಲು ಕಲಿತಳು. ಎರಡೂರೂ ಸುಖವಾಗಿದ್ದವು. ಕತೆ ಬೆಟ್ಟ ಇಳಿಯಿತು, ನಾವು ಮನೆ ಸೇರಿದೆವು.