ಹಗ್ಗ ಕಟ್ಟಿ ಎಳೆದು ತಂದ ಕಾರು

ಬ್ರೇಕ್ ತುಳಿದೆ. ಬಂಡೆ ತುಳಿದ ಹಾಗಾಯಿತು!

ಇಂಜಿನ್ ಸತ್ತ ಕಾರಿನ ಬ್ರೇಕು ಅಷ್ಟೇ ಸ್ವಾಮಿ. ಎರಡೂ ಕಾಲು ಕೊಟ್ಟು ಒತ್ತಿದರೆ ತುಸು ಹಿಡಿಯುತ್ತದೆ. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ. ಮುಂದೆ ನನ್ನ ಗೆಳೆಯ ಬೋಳನ ವ್ಯಾನು. ನಡುವೆ ಹದಿನೈದು ಅಡಿ ಹಗ್ಗ. ಸ್ಪೀಡು ಎಪ್ಪತ್ತು!

ಬೆನ್ನಿಗೇ ಬಿದ್ದಿತ್ತು ಗುಜರಿ ದೊರೆಯ ಕ್ರೇನ್ ಲಾರಿ.

ಹಳೇ ಕಾರು ಬಿಚ್ಚಿ ಮಾರುವವನು ಅವನು. ಈ ಕಾರಿಗೆ ತಿಂಗಳಿಂದ ಹೊಂಚು ಹಾಕಿದ್ದ. ನಾನು ಬೆಳಿಗ್ಗೆಯೇ ಹೋಗಿ, ಮಾಲೀಕನನ್ನು ಪುಸಲಾಯಿಸಿ, ಕಾಗದ ಜೇಬಿಗಿಳಿಸಿದ್ದೆ. ಇನ್ನೊಬ್ಬರ ಬಾಯಿಯ ತುತ್ತು ಕಸಿಯುವುದೇ ನನ್ನ ಕಸುಬು. ಆದರೆ ಇದು ಅಕ್ಕನಿಗಾಗಿ.

ಅಕ್ಕ ತನ್ನ ಕಾರಿನಲ್ಲಿ ಊರ ಮಕ್ಕಳನ್ನು ಶಾಲೆಗೆ ಬಿಡುತ್ತಾಳೆ, ಅದೇ ಅವಳ ಸಂಪಾದನೆ. ಅವಳ ಎಡಗಾಲಿಗೆ ಬಲವಿಲ್ಲ, ಕ್ಲಚ್ ತುಳಿಯಲಾರಳು. ಆಟೊಮ್ಯಾಟಿಕ್ ಗಾಡಿಯೇ ಆಗಬೇಕು. ಅದರ ಗೇರ್‌ಬಾಕ್ಸ್ ಕೈಕೊಟ್ಟು ಹತ್ತು ದಿನ. ಸೋಮವಾರ ಗಾಡಿ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದಿದ್ದರು ಶಾಲೆಯವರು. ಇವತ್ತು ಭಾನುವಾರ. ಈ ಕಾರು ಅದೇ ಮಾಡೆಲು. ಇಂಜಿನ್ ಸತ್ತಿದ್ದರೂ ಗೇರ್‌ಬಾಕ್ಸ್ ಗಟ್ಟಿಮುಟ್ಟು! ಬಿಚ್ಚಿ ಅಕ್ಕನ ಗಾಡಿಗೆ ಕೂರಿಸಿದರೆ ಮುಗಿಯಿತು.

ಫೋನಿನಲ್ಲಿ ಬೋಳ ಕಿರುಚಿದ.

"ನಿಲ್ಲಿಸ್ಲೇನೋ?"

"ನಿಲ್ಸಿದ್ರೆ ನಮ್ಮಿಬ್ರನ್ನೂ ಬಿಚ್ಚಿ ಮಾರ್ತಾನೆ! ಹೊಡಿ!"

ಢಂ! ಲಾರಿ ಹಿಂದಿನಿಂದ ಗುದ್ದಿತು. ನನ್ನ ಹಲ್ಲು ಕಟಕಟ ಅಂದವು.

"ಎಡಕ್ಕೆ ತಿರುಗ್ಸು... ರೈಲ್ವೆ ಸೇತುವೆ ಕೆಳಗೆ ನುಗ್ಗು!"

"ತಲೆ ತಗಲುತ್ತಲ್ಲೋ!"

"ನಿಂದಲ್ಲ ಕಣೋ, ಅವನದು!"

ನುಗ್ಗಿದೆವು. ಹಿಂದೆ ಟೈರುಗಳು ಚೀರಿದವು. ಕ್ರೇನಿನ ತುದಿ ಸೇತುವೆಗೆ ಬಡಿದು ಲಾರಿ ಅಡ್ಡಡ್ಡ ನಿಂತಿತು.

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅಲ್ಲಿಂದ ನಲವತ್ತು ಕಿಲೋಮೀಟರು ಒಂದೇ ಉಸಿರಿನಲ್ಲಿ ಬಂದೆವು.

ಗ್ಯಾರೇಜು ನಮ್ಮ ಸೋದರಮಾವನದು. ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕಾದು ಕೂತಿದ್ದಳು. ಮಾವ ಸ್ಪ್ಯಾನರ್ ಹಿಡಿದು ಹೊರಗೆ ಬಂದವನು ಹಗ್ಗ ನೋಡಿ ಅಲ್ಲೇ ನಿಂತ.

"ಹೀಗೇ ಎಳ್ಕೊಂಡು ಬಂದ್ಯಾ? ನಾಲ್ಕೂ ಚಕ್ರ ನೆಲದ ಮೇಲೆ?"

"ಮತ್ತೆ ತಲೆ ಮೇಲೆ ಹೊತ್ಕೊಂಡು ಬರ್ಲಾ ಮಾವ? ನ್ಯೂಟ್ರಲ್‌ಗೆ ಹಾಕಿದ್ದೆ. ಟ್ರಕ್ಕಿನ ಬಾಡಿಗೆ ಉಳೀತು."

ಮಾವ ಬಾನೆಟ್ ಎತ್ತಿದ. ಗೇರ್‌ಬಾಕ್ಸಿನ ಆಯಿಲ್ ಕಡ್ಡಿ ಎಳೆದು ನನ್ನ ಮೂಗಿಗೆ ಹಿಡಿದ. ಕೆಂಪಗಿರಬೇಕಾದ ಆಯಿಲ್ ಕಪ್ಪಗಿತ್ತು. ಸುಟ್ಟ ವಾಸನೆ.

"ಕ್ಲಚ್ ಇರೋ ಗಾಡಿ ಎಳೆದು ಅಭ್ಯಾಸ ನಿಂಗೆ. ಇದರಲ್ಲಿ ಚಕ್ರ ಉರುಳಿದ್ರೆ ಗೇರ್‌ಬಾಕ್ಸೂ ತಿರುಗುತ್ತೆ, ಆದ್ರೆ ಇಂಜಿನ್ ತಿರುಗಿದ್ರೇನೇ ಅದಕ್ಕೆ ಆಯಿಲ್ ಓಡೋದು ಕಣೋ. ಮುಂದಿನ ಚಕ್ರ ಎತ್ತಿ ತರಬೇಕಿತ್ತು. ಒಳಗೆಲ್ಲ ಸುಟ್ಟು ಕರಕಲಾಗಿದೆ."

"ಏನಾದ್ರೂ ಉಳಿದಿರ್ಬೋದು ಮಾವ..."

"ಉಳಿದಿದೆ. ಬಾಗಿಲು, ಸೀಟು, ಹಾರನ್ನು."

ನನ್ನ ಮೇಲೇ ನನಗೆ ಅಸಹ್ಯವಾಯಿತು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ!

"ಊಟ ಆಯ್ತೇನೋ ನಿಂದು?" ಅಂದಳು. ಸ್ಟೂಲಿನಿಂದ ಮೆಲ್ಲಗೆ ಎದ್ದಳು.

ನಮ್ಮಕ್ಕನಿಗೆ ಈಗ ಎರಡು ಕಾರು ಸ್ವಾಮಿ. ನಾಳೆ ಕುಂಟುತ್ತಾ ಶಾಲೆಗೆ ನಡೆದು ಹೋಗಿ, ಇನ್ನು ಬರುವುದಿಲ್ಲ ಅಂತ ಹೇಳಿ ಬರುತ್ತಾಳೆ.